ಬೂದು ಬಣ್ಣದ ಜಾಗ

ಪಟ್ಟಿಯಲ್ಲಿ ಅದಕ್ಕೆ ಕಾಡ್ಗಿಚ್ಚು ಎಂದೇ ಹೆಸರು.
ರುಸ್ತಾಕಿನಲ್ಲಿ ಕಾಡೆಲ್ಲಿದೆ?
ಇರುವುದು ಖರ್ಜೂರದ ತೋಟ, ಸುತ್ತ ಮಣ್ಣಿನ ಗೋಡೆ,
ಗೋಡೆಯಾಚೆ ಬೋಳು ಬೆಟ್ಟ.
ಆದರೂ ಜೂನಿನಲ್ಲಿ ಘರ್ಬಿ ಗಾಳಿ ಎದ್ದ ಆ ರಾತ್ರಿ
ಒಣಗರಿಯಿಂದ ಒಣಗರಿಗೆ ಹಾರುತ್ತಿದ್ದ ಕಿಚ್ಚಿಗೆ
ಬೇರೆ ಹೆಸರು ಸಿಗದೆ
ಅದನ್ನೇ ಒತ್ತಿದೆ.

ಒಂದೂವರೆಗೆ ಉಪಗ್ರಹ ನೆತ್ತಿಯ ಮೇಲೆ ಹಾದುಹೋಗಿತ್ತು.
ಅದು ಕಂಡದ್ದು ನನ್ನ ಪರದೆಗೆ ಇಳಿದಾಗ ಮೂರು:
ಒಂದು ಕೆಂಪು ಚೌಕ.
ಚೌಕದ ಬದಿ ಮುನ್ನೂರೆಪ್ಪತ್ತೈದು ಮೀಟರು.
ಅಷ್ಟರೊಳಗೆ ಒಂದು ಮಸೀದಿ, ಹನ್ನೊಂದು ತೋಟ,
ಆಡಿನ ದೊಡ್ಡಿ, ಯಾರದೋ ಹಳೆಯ ಪಿಕಪ್ಪು,
ಎಲ್ಲಕ್ಕೂ ಒಂದೇ ಕೆಂಪು.

ಗಾಳಿಯ ಬಾಣಗಳನ್ನು ಹರಡಿದೆ.
ನೀರಿನ ಪದರ, ರಸ್ತೆಯ ಪದರ, ಮನೆಗಳ ಪದರ,
ನೀರುದೋಸೆ ಮಡಚದೆ ಒಂದರ ಮೇಲೊಂದು ಹಾಕಿದ ಹಾಗೆ
ಅಂಟಿಕೊಂಡವು, ಬಿಡಿಸಲು ಬರಲಿಲ್ಲ.

ಬೆಂಕಿ ಆರಿಸುವ ಗಾಡಿ ಸಾಲದೆ
ಊರಿನ ಟ್ಯಾಂಕರುಗಳನ್ನೂ ಕರೆದಿದ್ದರು.
ಚೆಯ್ಯಬ್ಬಾಕನದು ನೀಲಿ ಟ್ಯಾಂಕರು,
ಇಪ್ಪತ್ತೆರಡು ವರ್ಷದಿಂದ ಮನೆಮನೆಗೆ ಸಿಹಿನೀರು.
"ಸಿಹಿನೀರನ್ನೇ ಸುರಿಯುವುದಾ, ಬಾಯಿ?" ಎಂದ ಫೋನಿನಲ್ಲಿ,
ಅನ್ನ ಚೆಲ್ಲಲು ಹೇಳಿದವರನ್ನು ಕೇಳುವ ದನಿಯಲ್ಲಿ.

ದಾರಿ ಕೊಟ್ಟೆ. ಏಳು ನಿಮಿಷ, ಹಸಿರು ಗೆರೆ.
"ಅಲ್ಲಿ ಗೋಡೆ ಎದ್ದು ವರ್ಷವಾಯಿತು.
ಅಣ್ಣತಮ್ಮಂದಿರ ಪಾಲು. ನಿಮ್ಮ ಯಂತ್ರಕ್ಕೆ ಯಾರೂ ಹೇಳಲಿಲ್ಲವಾ?"
ಅಳಿಸಿದೆ.
ಅವನು ಹೇಳುತ್ತ ಹೋದ, ನಾನು ಬೆರಳಲ್ಲಿ ಎಳೆಯುತ್ತ ಹೋದೆ:
ಕುಂಟು ಕತ್ತೆ ಕಟ್ಟುವ ಮೂಲೆ,
ಫಲಜಿನ ಕಾಲುವೆ ಕವಲೊಡೆಯುವಲ್ಲಿ ಎಡಕ್ಕೆ,
ಕನ್ನಡಿ ಮಡಚಿದರೆ ಮಾತ್ರ ಹಿಡಿಸುವ ಓಣಿ,
ಆಮೇಲೆ

ಬೂದು.
ನಕ್ಷೆಯಲ್ಲಿ ಬೂದು ಎಂದರೆ ಬೂದಿಯಲ್ಲ,
ಯಾರೂ ಅಳೆದಿಲ್ಲ ಎಂದು.

"ಅಲ್ಲೊಂದು ಶೆಡ್ಡಿದೆ. ಮರ ಹತ್ತುವವರು, ಮೂವರು.
ತೊಫಜ್ಜಲ್, ಅವನ ಭಾವ,
ಇನ್ನೊಬ್ಬನ ಹೆಸರು ನಾನು ಕೇಳಲೇ ಇಲ್ಲ, ನೋಡಿ."

ಚುಕ್ಕೆ ಇಟ್ಟೆ. ಉಳಿಸಲು ಬಿಡಲಿಲ್ಲ.
ಕಟ್ಟಡದ ಸಂಖ್ಯೆ ಕಡ್ಡಾಯ.
ಸೊನ್ನೆ ಬರೆದೆ. ಒಪ್ಪಿತು.
ಗಾಳಿಯ ಬಾಣಗಳೆಲ್ಲ ಆಗಲೇ
ಆ ಸೊನ್ನೆಯ ಕಡೆಗೆ ತಿರುಗಿದ್ದವು.

ಆಮೇಲಿನ ಹದಿನಾಲ್ಕು ನಿಮಿಷದಲ್ಲಿ ನಾನು ಕಂಡದ್ದು
ಒಂದು ನೀಲಿ ಬಿಂದು ಅಲುಗದೆ ನಿಂತದ್ದು, ಅಷ್ಟೆ.
ಫೋನಿನಲ್ಲಿ ನೀರು, ಗರಿ ಸಿಡಿಯುವುದು, ಯಾರದೋ ಕೆಮ್ಮು.
ನನ್ನ ಬೆನ್ನಹಿಂದೆ ಹಿಲಾಲ್ ಅಲ್ ಅಬ್ರಿ ಸಾಹೇಬರು,
ಕೈಯಲ್ಲಿ ಕುಡಿಯದ ಕಾಫಿ.

ಇಬ್ಬರು ಓಡಿ ಬಂದರಂತೆ.
ಹೆಸರು ಕೇಳದವನು ಫಲಜಿನ ಕಾಲುವೆಯಲ್ಲಿ
ಕತ್ತಿನ ತನಕ ಮುಳುಗಿ ಕೂತು
ಚಹಾದ ಕೆಟಲನ್ನು ಮಾತ್ರ
ನೀರು ತಾಗದ ಹಾಗೆ ಎತ್ತಿ ಹಿಡಿದಿದ್ದನಂತೆ.
ಯಾಕೆ ಕೆಟಲು? ಅವನಿಗೂ ಗೊತ್ತಿಲ್ಲ.
ಮೊಶಿಯುರ್, ಅವನ ಹೆಸರು.

ನಾನೂರ ಹತ್ತು ಮರ ಹೋದವು.
ಅವುಗಳ ಲೆಕ್ಕ ಸರಿಯಾಗಿದೆ, ಒಂದೊಂದಕ್ಕೂ ಸಂಖ್ಯೆಯಿದೆ.

ತಿಂಗಳ ಕೊನೆಗೆ ದತ್ತಾಂಶ ತೊಳೆಯುವಾಗ
ನನ್ನ ಚುಕ್ಕೆಗೆ ಉತ್ತರ ಬರುತ್ತದೆ:
ಅಮಾನ್ಯ ಮೌಲ್ಯ, ಅಳಿಸಲಾಗಿದೆ.
ಮತ್ತೆ ಇಡುತ್ತೇನೆ. ಮತ್ತೆ ಅಳಿಯುತ್ತದೆ.
ಅಬ್ರಿ ಸಾಹೇಬರಿಗೆ ಗೊತ್ತು, ಏನೂ ಅನ್ನುವುದಿಲ್ಲ.

ಆ ರಾತ್ರಿ ಟ್ಯಾಂಕರಿಗೆ ಅಂಟಿಸಿದ ಪೆಟ್ಟಿಗೆಯನ್ನು
ಚೆಯ್ಯಬ್ಬಾಕ ಇನ್ನೂ ತಿರುಗಿ ಕೊಟ್ಟಿಲ್ಲ.
ಶುಕ್ರವಾರ, ನಮಾಜು ಮುಗಿದ ಮೇಲೆ,
ನೀಲಿ ಬಿಂದು ಓಣಿಗಿಳಿಯುತ್ತದೆ,
ಕನ್ನಡಿ ಮಡಚುವಷ್ಟು ಹೊತ್ತು ನಿಂತು
ದಾರಿಯೇ ಇಲ್ಲದ ಬೂದಿನೊಳಗೆ ನುಗ್ಗಿ
ಒಂದು ಗಂಟೆ ಅಲ್ಲೇ ಕೂರುತ್ತದೆ.

ಯಂತ್ರ ಕೇಳುತ್ತದೆ:
ಹತ್ತಿರದ ರಸ್ತೆಗೆ ಸರಿಸಲೇ?
ಬೇಡ, ಒತ್ತುತ್ತೇನೆ.