ಐವತ್ತೇಳರಿಂದ ಐವತ್ಮೂರಕ್ಕ

ವಾಸ್ಕೋದಾಗ, ರೇಲ್ವೆ ಹಳಿಯ ಬಾಜೂಕ ನನ್ನ ಅಂಗಡಿ.
ಬಂದರಿನ ಕಲ್ಲಿದ್ದಲಿನ ಧೂಳು ದಿನಾ ಒರಸಬೇಕು,
ಒರಸಿದ ಅರಿವೀನೂ ಒಗೀಬೇಕು.

ಜೋವಿಟೊ ತಂದಿಟ್ಟ ಡಬ್ಬಿಗೆ ಗಾಜಿನ ಗೋಡೆ,
ಒಳಗ ಏಳು ಫ್ಯಾನು, ಏಳಕ್ಕೂ ಬಣ್ಣದ ದೀಪ.
ಬೆಲೆ ಕೇಳಿ
ನಾ ಚಹಾದ ಕಪ್ಪು ದೂರ ಸರಿಸಿದೆ.

ಆಟ ಶುರು ಆಗತೈತಿ, ಆಮ್ಯಾಲೆ ಸಾಯತೈತಿ ಅಕ್ಕಾ,
ಒಮ್ಮೆ ನಾಕು ನಿಮಿಷಕ್ಕ, ಒಮ್ಮೆ ನಲವತ್ತಕ್ಕ.
ಅವ ಅಂದದ್ದು ಕೊಂಕಣಿಯಾಗ, ನನಗ ತಿಳಿದದ್ದು ಹಿಂಗ.

ಪರದೆ ಮ್ಯಾಲ ಬರೆದಿತ್ತು: ಗ್ರಾಫಿಕ್ಸಿನ ಮೆಮೊರಿ ಸಾಲದು.
ನಂಬಿ ಆ ಕಾರ್ಡು ಬದಲಿಸಿದ್ದ.
ಆಮ್ಯಾಲೆ ರ‍್ಯಾಮು. ಆಮ್ಯಾಲೆ ಪವರ್ ಸಪ್ಲೈ.
ತೆಗೆದ ಮೂರೂ ನಿರಪರಾಧಿ,
ಅವನ ಮಂಚದ ಕೆಳಗ ರಟ್ಟಿನ ಡಬ್ಬಿಯೊಳಗ ಕೂತಾವ.
ಹೊಡದಾವ ಒಬ್ಬ, ಚೀಟಿಯಾಗ ಹೆಸರು ಇನ್ನೊಬ್ಬಂದು.
ಬಂದರಿನ ಗೋದಾಮಿನ್ಯಾಗ ಕೆಲಸಕ್ಕಿದ್ದಾಗ
ಇಂಥಾದ್ದು ನಾ ಕಂಡೀನಿ. ಚೀಟಿಯಾಗ ನನ್ನ ಹೆಸರಿತ್ತು.

ರಾತ್ರಿ ಹತ್ತಕ್ಕ ಷಟರ್ ಅರ್ಧ ಇಳಿಸಿ
ಬಯೋಸ್ ತೆರೆದು ನೋಡಿದರ
ಮದರ್‌ಬೋರ್ಡು ಹೆಸರಿಗೆ ತಕ್ಕಂಗ ತಾಯೀನ:
ಉಣ್ಣು, ಇನ್ನೊಂದು ತುತ್ತು ಉಣ್ಣು ಅಂತ
ಬ್ಯಾಡಂದ್ರೂ ವೋಲ್ಟೇಜು ಬಡಿಸಿ ಬಡಿಸಿ
ಒಂದೂವರೆ ದಾಟಿಸಿ
ಉಗುರಗಲದ ಸಿಲಿಕಾನಿನ ಹೊಟ್ಟಿ ಕೆಡಿಸಿತ್ತು.

ಮಿತಿ ಹಾಕಿದೆ. ಹೊಸ ಮೈಕ್ರೋಕೋಡು ತುಂಬಿದೆ.
ಐವತ್ತೇಳು ಇದ್ದ ಗುಣಕ ಐವತ್ತೈದು ಮಾಡಿದೆ. ಬಿತ್ತು.
ಐವತ್ನಾಕು. ಹನ್ನೊಂದು ನಿಮಿಷ ನಿಂತು ಬಿತ್ತು.
ಐವತ್ಮೂರು.
ಪಕ್ಕದ ಗಾಡಿಯಿಂದ ದುರಗಪ್ಪ ತಂದ ಎಗ್ ರೈಸು ಆರಿ ಹೋತು.
ಒಂದಕ್ಕ ಗೂಡ್ಸು ಬಂತು, ಸ್ಟೂಲು ನಡುಗಿತು,
ಕಪಾಟಿನ ಸ್ಕ್ರೂ ನಡುಗಿದವು.
ಆಟದೊಳಗಿನ ಸಿಪಾಯಿ ಮಾತ್ರ
ಮಂಜಿನ ಗುಡ್ಡ ಹತ್ತುತ್ತನ ಇದ್ದ.
ಬೆಳಗಾತು, ಇನ್ನೂ ಹತ್ತುತ್ತಿದ್ದ.

ಐವತ್ತೇಳಕ್ಕ ರೊಕ್ಕ ಕೊಟ್ಟೀನಿ, ಅಂದ ಜೋವಿಟೊ.
ಖರೇ ಐತಿ ತಮ್ಮಾ.
ಹೊಸ ಕೋಡು ಮುಂದಿನ ಗಾಯ ತಡೀತೈತಿ,
ಹಿಂದಿಂದು ಮಾಯಿಸೂದಿಲ್ಲ.
ವಾರಂಟಿ ಐತಿ, ಕಂಪನಿಗೆ ಬರಿ.
ಹೊಸಾದು ಬರೂತನಕ ಇದನ್ನ ಹಿಂಗ ನಡಸು.

ಅವ ಬಗ್ಗಿ ಗಾಜಿಗೆ ಕಿವಿ ಹಚ್ಚಿದ,
ಫ್ಯಾನು ಮೊದಲಿನಂಗ ಒದರುತ್ತಿರಲಿಲ್ಲ.
ಸಿಟ್ಟು ಅರ್ಧ ಇಳಿದಿತ್ತು, ಅರ್ಧ ಇತ್ತು.
ಬಿಲ್ಲು ಕೇಳಿದ.

ಏನೂ ಬದಲಿಸಿಲ್ಲ, ಏನೂ ಮಾರಿಲ್ಲ.
ಪೆನ್ನು ಹಿಡಕೊಂಡು ಕೂತೆ ಸ್ವಲ್ಪ ಹೊತ್ತು.
ಆಮ್ಯಾಲೆ ಕಲ್ಲಿದ್ದಲಿನ ಬೆರಳಚ್ಚಿನ ಬಾಜೂಕ ಬರೆದೆ:
ನಾಕು ಇಳಿಸಿದ್ದಕ್ಕ, ಆರುನೂರು.