ಒಕ್ಕಣೆ

ಹೇಳಬೇಕಾದ್ದು ಮೂರೇ ಸಾಲು, ಬರೆದಾಗಿದೆ:
ನಾಳೆ ಎಂಟಕ್ಕೆ ಗೇಟು ತೆರೆಯುತ್ತದೆ.
ಸಂಬಳ ಹಳೆಯದೇ, ಊಟದ ಬಿಡುವು ಹತ್ತು ನಿಮಿಷ ಹೆಚ್ಚು.
ಕತ್ತರಿ ನಿಮ್ಮನಿಮ್ಮದೇ ತನ್ನಿ.

ಮೇಲಿನ ಒಂದು ಸಾಲು ಮಾತ್ರ ಬಾಕಿ.
ರಾತ್ರಿ ಹನ್ನೊಂದೂವರೆ. ಕುತಾಯಿಸಿಯ ಈ ಅಡುಗೆಮನೆಯಲ್ಲಿ
ಒಲೆ ಆರಿಸಿ, ಕೋಟು ಹೊದ್ದು ಕೂತಿದ್ದೇನೆ.
ಫೋನಿನೊಳಗೆ ನೂರಾ ಹದಿನಾಲ್ಕು ಜನ
ಹೊಸ್ತಿಲಾಚೆ ನಿಂತಿದ್ದಾರೆ.
ಏನಾದರೂ ಅಂದು ಕರೆದರೆ ತಾನೆ ಒಳಗೆ ಬರುವುದು.

ಹತ್ತೊಂಬತ್ತು ದಿನ ಯೋಚಿಸಲೇ ಇಲ್ಲ.
ಬೆರಳು ತಾನಾಗಿ ಒತ್ತುತ್ತಿತ್ತು: ಗಾಮಾರ್ಜೋಬಾ.
ರೊಟ್ಟಿ ಅಂಗಡಿಯವಳಿಗೂ ಪಕ್ಕದ ಮನೆ ನಾಯಿಗೂ ಅನ್ನುವ ಮಾತು.
ಅದರ ಹೊಟ್ಟೆಯಲ್ಲಿ ಗೆಲುವು ಅನ್ನುವ ಶಬ್ದ ಇದೆ ಅಂತ
ಯಾರು ನೆನಪಿಟ್ಟುಕೊಂಡಿರುತ್ತಾರೆ?
ಸಮುದ್ರವನ್ನು ನೆನೆದು ಯಾರಾದರೂ ಉಪ್ಪು ಹಾಕುತ್ತಾರೆಯೆ?
ಇವತ್ತು ನೆನಪಾಯಿತು.
ಅರ್ಧ ಒತ್ತಿದವಳು ನಿಂತುಬಿಟ್ಟೆ.
ಸೋತು ಮನೆಗೆ ಹೋದವರ ಕಿಟಕಿಯಡಿ
ಡೋಲು ಬಡಿದ ಹಾಗಾಗುತ್ತದೆ.

'ಮಾನ್ಯ ಕಾರ್ಮಿಕರೇ' ಮ್ಯಾನೇಜರನ ಒಕ್ಕಣೆ.
ಗೇಟಿಗೆ ಬೀಗ ಜಡಿದು ಅಂಟಿಸಿದ ಕಾಗದದಲ್ಲೂ
ನಾವೆಲ್ಲ ಮಾನ್ಯರೇ ಆಗಿದ್ದೆವು.
'ಗೆಳತಿಯರೇ' ಅನ್ನೋಣವೆಂದರೆ
ಇಸ್ತ್ರಿ ವಿಭಾಗದ ಎಕ್ವತಿಮೆ ಒಬ್ಬ ಗಂಡಸು ಇದ್ದಾನೆ,
ಮಳೆಯಲ್ಲಿ ನಮ್ಮ ತಲೆಮೇಲೆ ಟಾರ್ಪಾಲಿನ್ ಹಿಡಿದು ನಿಂತವನು.
'ಸ್ನೇಹಿತರೇ' ಅಂದರೆ ಓದಿ ನಕ್ಕಾಳು ಇಯಾಮ್ಜೆ,
ಹನ್ನೆರಡನೇ ದಿನ ಹಿಂಬಾಗಿಲಿಂದ ಕೆಲಸಕ್ಕೆ ಹೋದವಳು.
(ಗುಂಪಿನಿಂದ ಅವಳನ್ನು ನಾನು ತೆಗೆಯಲಿಲ್ಲ.
ಮಗುವಿನ ಇನ್ಹೇಲರಿಗೆ ಎಷ್ಟಾಗುತ್ತದೆ ನನಗೆ ಗೊತ್ತು.)
'ಸಂಗಾತಿಗಳೇ' ಅಜ್ಜನ ಕಾಲದ ಅಂಗಿ,
ಕಪಾಟು ತೆಗೆದರೆ ನುಸಿಗುಳಿಗೆಯ ವಾಸನೆ.
'ಹಾಯ್ ಆಲ್' ಅಂತ ಬರೆಯುತ್ತಾಳೆ ಕಚೇರಿಯ ಹೊಸ ಹುಡುಗಿ,
ಕೊನೆಗೊಂದು ಆಶ್ಚರ್ಯಸೂಚಕ.
ಆಶ್ಚರ್ಯಪಡುವಂಥದ್ದು ಏನೂ ಆಗಿಲ್ಲ.
ಶಾಂತಿಯ ರಾತ್ರಿ, ಅಂತಲೂ ಅನ್ನಬಹುದು ನಮ್ಮಲ್ಲಿ, ಈ ಹೊತ್ತಿಗೆ.
ಶಾಂತಿ ಅಂದರೆ ರಾಜಿಯಾದಳು ಅನ್ನುತ್ತಾರೆ.
ಆಗಿದ್ದೇನೆ ಕೂಡ. ಆ ಕಾಗದದ ಮೇಲೆ ಸಹಿ ನನ್ನದೇ.

ಅಮ್ಮನ ಬಾಯಲ್ಲಿ ಒಂದು ಮಾತಿತ್ತು: ಗೆನತ್ಸ್ವಾಲೆ.
ನಿನ್ನ ಜಾಗದಲ್ಲಿ ನಾನಿರಲಿ, ನಿನಗೆ ಬರುವುದು ನನಗೆ ಬರಲಿ.
ಮಾಂಸ ತೂಗುವವನಿಗೂ ಅದೇ,
ಆಸ್ಪತ್ರೆಯಲ್ಲಿ ಮಲಗಿದ್ದ ತಂಗಿಗೂ ಅದೇ.
ಬಹುವಚನ ಮಾಡಿ ನೋಡಿದೆ.
ಇಷ್ಟೂ ಜನರ ಜಾಗದಲ್ಲಿ ನಾನೊಬ್ಬಳು ಹೇಗೆ ನಿಲ್ಲಲಿ?
ನಾಳೆ ನನ್ನ ಪಾಲಿಗಿರುವುದು ಒಂದೇ ಹೊಲಿಗೆ ಯಂತ್ರ,
ಕಿಟಕಿ ಪಕ್ಕದ್ದು, ಮಾತುಮಾತಿಗೆ ದಾರ ಹರಿಯುವಂಥದ್ದು.
ಅಳಿಸಿದೆ.

ಕೊನೆಗೆ ಒಕ್ಕಣೆಯಿಲ್ಲದೆ ಕಳಿಸಿದೆ.
ಫೋನನ್ನು ಬೋರಲು ಹಾಕಿ
ತೊಳೆದಿಟ್ಟ ಲೋಟವನ್ನೇ ಮತ್ತೆ ತೊಳೆದೆ.

ಗುರ್ ಅಂದಿತು ಮೇಜು.
ಗುಂಡಿ ಹೊಲಿಯುವ ನಾಜಿಬ್ರೋಲಾ, ಅರವತ್ತಮೂರು ವರ್ಷ,
ಕನ್ನಡಕ ಹುಡುಕಿ ಒಂದೊಂದೇ ಅಕ್ಷರ ಕುಟ್ಟುವವಳು:
'ಗಾಗಿಮಾರ್ಜೋಸ್, ಮಾಕ್ವಾಲಾ.'
ಗೆಲುವು ನಿನಗೂ ಆಗಲಿ.
ಗಾಮಾರ್ಜೋಬಾ ಅಂದವರಿಗೆ ಕೊಡುವ ಉತ್ತರ ಅದು.

ನಾನು ಅಂದಿರಲೇ ಇಲ್ಲ.
ಮೇಲಕ್ಕೆ ಸರಿಸಿ ನೋಡಿದೆ, ಎರಡು ಸಲ.

ಆಮೇಲೆ ಪಿಕ್ರಿಯಾ, ಹೋದ ವರ್ಷವೇ ಇಟಲಿಗೆ ಹೋದವಳು,
ಕೆಲಸ ಬಿಟ್ಟರೂ ಗುಂಪು ಬಿಡದವಳು,
ಯಾರದೋ ಮುದುಕಿಯ ಮಂಚದ ಪಕ್ಕದಿಂದ: ಗಾಗಿಮಾರ್ಜೋಸ್.
ಎಕ್ವತಿಮೆಯದೊಂದು ಹೆಬ್ಬೆರಳು.
ಇಬ್ಬರು ಗುಂಪಿನಿಂದ ಹೊರನಡೆದರು, ಮಾತಿಲ್ಲದೆ.
ಇಯಾಮ್ಜೆ ಬರೆಯುತ್ತಿದ್ದಾಳೆ ಅಂತ ತೋರಿಸಿತು,
ನಿಂತಿತು, ಮತ್ತೆ ತೋರಿಸಿತು.
ಅವಳೂ ಮೇಲಿನ ಸಾಲನ್ನೇ ಹುಡುಕುತ್ತಿರಬೇಕು.

ಒಂದು ಗಂಟೆಯವರೆಗೆ ಕಾದೆ.
ಆಮೇಲೆ ಎದ್ದೆ,
ಕತ್ತರಿ ಎಲ್ಲಿಟ್ಟಿದ್ದೆನೋ ನೋಡಬೇಕಿತ್ತು.