ರಾಮಾ ಗ್ರೀನ್

ಮಂಡಿಪೇಟೆ. ಬೆಲ್ಲದಂಗಡಿಯ ಮೇಲಿನ ಮಾಳಿಗೆ.
ಹತ್ತಡಿ ಉದ್ದ, ಎಂಟಡಿ ಅಗಲ. ಒಳಗೆ ನಾನು, ಪ್ರಿಂಟರು,
ಕಂತು ಮುಗಿಯದ ಮಾನಿಟರು,
ಮೂಲೆಯಲ್ಲಿ ತಪ್ಪು ಬಣ್ಣ ಹತ್ತಿದ ಮುಖಗಳ ರಾಶಿ.

ಹರಿಹರದ ಕಡೆಯವರ ಮದುವೆ ಆಲ್ಬಮ್ಮು.
ಪರದೆಯಲ್ಲಿ ಮದುಮಗಳ ಸೀರೆ ರಾಮಾ ಗ್ರೀನ್,
ಈಗಷ್ಟೇ ಮಡಿಕೆ ಬಿಚ್ಚಿದ ಹೊಳಪು.
ಹಾಳೆಯಲ್ಲಿ ನೀಲಿ. ನೀಲಿಯೂ ಅಲ್ಲ,
ಜೇಬಿನಲ್ಲಿ ಪೆನ್ನು ಸೋರಿದ ಅಂಗಿ.

ಸೋದರತ್ತೆ ದುರುಗಮ್ಮ ಹಾಳೆಯನ್ನು ದೂರ ಹಿಡಿದಳು,
ಹತ್ತಿರ ಹಿಡಿದಳು, ಕನ್ನಡಕ ತೆಗೆದು ಮತ್ತೆ ನೋಡಿದಳು.
'ಚೀಟಿ ಎತ್ತಿ ಕೊಟ್ಟ ಸೀರೆ ಐತಪಾ ಇದು.
ಈ ಬಣ್ಣಕ್ಕಂತ ಏಳಂಗಡಿ ಹತ್ತಿ ಇಳಿದೀನಿ.
ನಾಳೆ ಬೀಗರು ಆಲ್ಬಮ್ ತೆಗೆದು
ಅತ್ತೆ ಕೊಟ್ಟದ್ದು ಎಲ್ಲೈತಿ ಅಂದ್ರೆ?'

ಹಸಿರು ಏರಿಸಿದೆ. ಸೀರೆ ಸರಿಹೋಯಿತು,
ಮದುಮಗಳಿಗೆ ಕಾಮಾಲೆ ಬಂತು.
ಕೆಂಪು ಕೊಟ್ಟು ಮುಖ ಉಳಿಸಿದೆ,
ಹಿಂದೆ ನಿಂತ ಅಯ್ನೋರ ಪಂಚೆ ಗುಲಾಬಿಯಾಯಿತು.
ಗಿಡ್ಡ ಕಂಬಳಿಯಲ್ಲಿ ಮಲಗಿದ ಹಾಗೆ,
ತಲೆ ಮುಚ್ಚಿದರೆ ಕಾಲು ಹೊರಗೆ.
ಹಾಳೆಗೆ ಹದಿನೆಂಟು ರೂಪಾಯಿ. ಶಾಯಿಯ ಲೆಕ್ಕ ಬೇರೆ.

ರಾತ್ರಿ ಎದುರಿನ ಮ್ಯಾಚಿಂಗ್ ಸೆಂಟರಿನ ಹಾಲಮ್ಮ
ಶಟರ್ ಎಳೆದು ಮೆಟ್ಟಿಲು ಹತ್ತಿ ಬಂದಳು.
ಮೂವತ್ತು ವರ್ಷ ಸೀರೆಗೆ ಜಂಪರ್ ಬಟ್ಟೆ ಹೊಂದಿಸಿದ ಕಣ್ಣು.
ಪರದೆ ನೋಡಿದಳು, ಹಾಳೆ ನೋಡಿದಳು.
'ಲೇ ಕೊಟ್ರ, ಇದು ದೀಪ ಹೊಟ್ಟಿಯಾಗಿಟ್ಕೊಂಡು ಕುಂತೈತಿ.
ಹಾಳಿ ಹತ್ರ ಏನೈತಿ?
ಮಂದಿ ಬೆಳಕಿನಾಗ ಬಾಳ್ವಿ ಮಾಡಬೇಕು ಅದು.
ಮೊದ್ಲು ಇದರ ಉರಿ ಇಳಿಸು.'

ಆಮೇಲೆ ಗೋಡೆಯ ಕಡೆ ಗದ್ದ ಎತ್ತಿ ತೋರಿಸಿದಳು.
ಬ್ಯೂಟಿ ಪಾರ್ಲರಿನವರು ಬಿಟ್ಟುಹೋದ ಗುಲಾಬಿ ಗೋಡೆ.
ಆರು ವರ್ಷ ನನ್ನ ಕಣ್ಣೊಳಗೆ ಕೂತು
ಊರಿನ ಹಸಿರನ್ನೆಲ್ಲ ತೂಗಿದ್ದು ಅದೇ, ನಾನಲ್ಲ.

ಬೂದು ಬಣ್ಣ ಕೊಡಿ ಎಂದರೆ ಪೇಂಟಿನವನು
'ಯಾರಾದರೂ ತೀರಿಕೊಂಡರಾ?' ಅಂದ.

ಬಳಿದೆ. ಪರದೆಯ ಬೆಳಕು ನೂರರಿಂದ ಮೂವತ್ತೈದಕ್ಕೆ ಬಂತು,
ಹಬ್ಬ ಮುಗಿದ ಮನೆಯ ಹಾಗೆ ಪೆಚ್ಚಾಯಿತು.
ಕಾಗದದ ಕಂಪನಿಯ ಪ್ರೊಫೈಲ್ ಹುಡುಕಿ ಹಾಕಿದೆ.
ಬೆರಳಗಲದ ಪಟ್ಟಿಗಳು, ಹನ್ನೊಂದು,
ಪ್ರತಿಯೊಂದರ ಬೆನ್ನಿಗೂ ಪೆನ್ಸಿಲಿನ ಅಂಕಿ.
ಹಸಿ ಶಾಯಿ ಒಂದು ಹೇಳುತ್ತದೆ, ಒಣಗಿ ಇನ್ನೊಂದು;
ಬೆಳಗಿನವರೆಗೆ ಯಾವುದನ್ನೂ ನಂಬಲಿಲ್ಲ.
ಏಳನೆಯದು ಸೀರೆಯಂತೆ ಕಂಡಿತು. ಮುಖ ಮುಖದಂತೆ.
ಪಂಚೆ ಸುಮಾರಾಗಿ ಬಿಳಿ.

ಮಂಗಳವಾರ ದುರುಗಮ್ಮ ಸೀರೆಯನ್ನೇ ಹೊತ್ತು ತಂದಳು,
ಹಳೆ ಟವೆಲಿನಲ್ಲಿ ಸುತ್ತಿ.
'ಒಳಗೆ ಬ್ಯಾಡ,' ಹಾಲಮ್ಮ ತಡೆದಳು,
'ಟ್ಯೂಬ್‌ಲೈಟಿನಾಗ ಎಲ್ಲಾ ಬಣ್ಣನೂ ಸುಳ್ಳು ಹೇಳ್ತಾವು.'

ಬೀದಿಗಿಳಿದೆವು. ಹಮಾಲರು ಬೈದುಕೊಂಡು ಬಳಸಿ ಹೋದರು.
ಹಾಲಮ್ಮ ಸೆರಗನ್ನು ನಾಲ್ಕು ಗಂಟೆಯ ಬಿಸಿಲಿಗೆ ಹಿಡಿದಳು:
ಹಸಿರು.
ಮುಂಗೈ ಹೊರಳಿಸಿದಳು:
ನೀಲಿ.
'ಹಾಸು ನೀಲಿ, ಹೊಕ್ಕು ಹಸಿರು. ಎರಡು ಬಣ್ಣ ಹೊಡೆಯೋ ಸೀರಿ ಇದು.'

ನಾನೂ ಹಾಳೆಯನ್ನು ಅತ್ತ ಇತ್ತ ವಾಲಿಸಿದೆ.
ಅದು ಹೇಳಿದ್ದನ್ನೇ ಹೇಳುತ್ತ ನಿಂತಿತ್ತು,
ಕಟಕಟೆಯ ಹಟಮಾರಿ ಸಾಕ್ಷಿ.

ಹಾಗಾದರೆ ನನ್ನ ಮೊದಲ ಹಾಳೆ ತಪ್ಪಲ್ಲ ಎನ್ನಲು ಬಾಯಿ ತೆರೆದೆ;
ಅದರಲ್ಲಿ ಮದುಮಗನ ಹಲ್ಲೂ ನೀಲಿಯಿದ್ದದ್ದು ನೆನಪಾಗಿ
ಮುಚ್ಚಿದೆ.

ದುರುಗಮ್ಮ ಏಳನೆಯದನ್ನು ಮಡಿಕೆಯ ಮೇಲಿಟ್ಟು
ಬೆರಳಿನಿಂದ ಹಾಳೆಯನ್ನೂ ರೇಷ್ಮೆಯನ್ನೂ ಒಟ್ಟಿಗೆ ಸವರಿದಳು.
'ಇದು ಅಂಗಡಿಯಾಗ ಕಂಡಿದ್ದು,' ಅಂದಳು.
ನೀಲಿಯನ್ನೂ ಕೇಳಿ ಇಸಿದುಕೊಂಡಳು.
'ಇದು, ನನ್ನ ಕಾಲಿಗೆ ಬೀಳಾಕ ಬಗ್ಗಿದಾಗ ಕಂಡಿದ್ದು.'

ಎರಡನ್ನೂ ಟವೆಲಿನೊಳಗೆ ಸುತ್ತಿ, ನಾಲ್ಕು ಹೆಜ್ಜೆ ಹೋಗಿ, ತಿರುಗಿದಳು:
'ಕೆಟ್ಟ ಹಾಳಿಗೂ ರೊಕ್ಕ ಹಿಡೀತೀಯೇನು?'